ಎರಡನೆಯ ಕೋರಿಕೆ: ವೆಬ್ ಸರ್ವರಿನ ಹಿಂದೆ ಬದುಕಿರುವ ಸ್ಕ್ರಿಪ್ಟುಗಳನ್ನು ನಡೆಸುವುದು, ಪರೀಕ್ಷಿಸುವುದು

ಗೆಳೆಯರೆ, ಎಲ್ಲರಿಗೂ ನಮಸ್ಕಾರ.

ವೆಬ್ ಸರ್ವರಿನ ಹಿಂದೆ ನಿಂತು ಕೆಲಸ ಮಾಡುವ ಸ್ಕ್ರಿಪ್ಟುಗಳಲ್ಲಿ ಎರಡು ಜಾತಿ. ಒಂದು ಕೋರಿಕೆಗೆ ಉತ್ತರ ಕೊಟ್ಟು ಸತ್ತುಹೋಗುವವು ಒಂದು ಬಗೆ; ಉತ್ತರ ಕೊಟ್ಟ ಮೇಲೂ ಬದುಕಿದ್ದು ಮುಂದಿನ ಕೋರಿಕೆಗಾಗಿ ಕಾದಿರುವವು ಇನ್ನೊಂದು ಬಗೆ. ಇವತ್ತಿನ ಮಾತು ಈ ಎರಡನೆಯ ಬಗೆಯನ್ನು ಕುರಿತದ್ದು. ನನ್ನ ವಾದವನ್ನು ಮೊದಲೇ ಮುಂದಿಡುತ್ತೇನೆ: ಬದುಕಿ ಉಳಿಯುವ ಸ್ಕ್ರಿಪ್ಟಿನ ಪರೀಕ್ಷೆ ಆರಂಭವಾಗುವುದೇ ಎರಡನೆಯ ಕೋರಿಕೆಯಿಂದ. ಮೊದಲ ಕೋರಿಕೆಗೆ ಸರಿಯಾದ ಉತ್ತರ ಬಂತು ಎಂಬುದರಿಂದ ನಮಗೆ ತಿಳಿಯುವುದು ಬಹಳ ಕಡಿಮೆ. ತೊಂದರೆಗಳು ಮನೆಮಾಡಿಕೊಂಡಿರುವುದು ಒಂದು ಕೋರಿಕೆ ಮುಗಿದು ಇನ್ನೊಂದು ಬರುವ ನಡುವಿನ ಜಾಗದಲ್ಲಿ. ನಾವು ಬರೆಯುವ ಪರೀಕ್ಷೆಗಳಲ್ಲಿ ಹೆಚ್ಚಿನವು ಆ ಜಾಗಕ್ಕೆ ಕಾಲಿಡುವುದೇ ಇಲ್ಲ.

ಈ ಸ್ಥಿತಿ ಹೇಗೆ ಬಂತು ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. 1993ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಕೇಂದ್ರದ ವೆಬ್ ಸರ್ವರಿನೊಂದಿಗೆ ಸಿಜಿಐ (ಕಾಮನ್ ಗೇಟ್‌ವೇ ಇಂಟರ್‌ಫೇಸ್) ಎಂಬ, ಸರ್ವರ್ ಮತ್ತು ಸ್ಕ್ರಿಪ್ಟ್ ಮಾತನಾಡಿಕೊಳ್ಳುವ ಒಪ್ಪಂದ ಬಳಕೆಗೆ ಬಂತು. ಅದರ ನಿಯಮ ಸರಳವಾಗಿತ್ತು. ಕೋರಿಕೆ ಬಂದೊಡನೆ ಸರ್ವರ್ ಹೊಸದೊಂದು ಪ್ರೊಸೆಸ್, ಅಂದರೆ ಓಡುತ್ತಿರುವ ಪ್ರೋಗ್ರಾಮಿನ ಒಂದು ಪ್ರತಿ, ಹುಟ್ಟಿಸುತ್ತದೆ. ಕೋರಿಕೆಯ ವಿವರಗಳನ್ನು ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳಲ್ಲಿ, ಅಂದರೆ ಪ್ರೊಸೆಸ್ ಹುಟ್ಟುವಾಗ ಅದಕ್ಕೆ ಸಿಗುವ ಹೆಸರು-ಮೌಲ್ಯಗಳ ಜೋಡಿಗಳಲ್ಲಿ, ತುಂಬುತ್ತದೆ. ಫಾರಂನ ಮಾಹಿತಿಯನ್ನು ಸ್ಟ್ಯಾಂಡರ್ಡ್ ಇನ್‌ಪುಟ್ ಮೂಲಕ ಕೊಡುತ್ತದೆ. ಸ್ಕ್ರಿಪ್ಟ್ ಬರೆದದ್ದನ್ನು ಬ್ರೌಸರಿಗೆ ಒಯ್ಯುತ್ತದೆ. ಸ್ಕ್ರಿಪ್ಟ್ ಅಲ್ಲಿಗೆ ಮುಗಿಯಿತು. ಈ ಒಪ್ಪಂದದ ಅಧಿಕೃತ ದಾಖಲೆ ಆರ್‌ಎಫ್‌ಸಿ 3875 ಆಗಿ ಪ್ರಕಟವಾದದ್ದು 2004ರಲ್ಲಿ, ಹತ್ತು ವರ್ಷಕ್ಕೂ ಹೆಚ್ಚು ತಡವಾಗಿ. ಅಷ್ಟರಲ್ಲಿ ಲೋಕವೆಲ್ಲ ಅದನ್ನು ಬಳಸಿ ಆಗಿತ್ತು.

ಸಿಜಿಐ ನಿಧಾನ ಎಂದು ಎಲ್ಲರೂ ಹೇಳುತ್ತಾರೆ, ಅದು ನಿಜ. ಪರ್ಲ್ ಭಾಷೆಯ ಸ್ಕ್ರಿಪ್ಟ್ ಒಂದನ್ನು ಪ್ರತಿ ಸಲವೂ ಹೊಸದಾಗಿ ಓದಿ, ಕಂಪೈಲ್ ಮಾಡಿ, ಡೇಟಾಬೇಸಿಗೆ ಹೊಸ ಸಂಪರ್ಕ ತೆರೆದು, ಆಮೇಲೆ ಎರಡು ಸಾಲು ಉತ್ತರ ಕೊಟ್ಟು ಎಲ್ಲವನ್ನೂ ಬಿಸಾಡುವುದು ದುಬಾರಿ. ಆದರೆ ಅದಕ್ಕಿದ್ದ ಒಂದು ದೊಡ್ಡ ಗುಣವನ್ನು ನಾವು ಮರೆತಿದ್ದೇವೆ. ಪ್ರೊಸೆಸ್ ಸತ್ತಾಗ ಆಪರೇಟಿಂಗ್ ಸಿಸ್ಟಮ್ ಅದರ ಮೆಮೊರಿಯನ್ನೂ ತೆರೆದ ಫೈಲುಗಳನ್ನೂ ಸಂಪರ್ಕಗಳನ್ನೂ ತಾನೇ ತೆರವು ಮಾಡುತ್ತದೆ. ಬರೆದವರು ಎಷ್ಟೇ ಅಜಾಗರೂಕರಾಗಿದ್ದರೂ ಮುಂದಿನ ಬಳಕೆದಾರನಿಗೆ ಸಿಗುವುದು ಹೊಚ್ಚಹೊಸ ಪ್ರೊಸೆಸ್. ಶುಚಿತ್ವ ಬಿಟ್ಟಿಯಾಗಿ ಬರುತ್ತಿತ್ತು.

1996ರಲ್ಲಿ ಓಪನ್ ಮಾರ್ಕೆಟ್ ಎಂಬ ಕಂಪನಿ ಫಾಸ್ಟ್‌ಸಿಜಿಐ ಎಂಬ ಹೊಸ ಒಪ್ಪಂದವನ್ನು ಮುಂದಿಟ್ಟಿತು. ಮಾರ್ಕ್ ಬ್ರೌನ್ ಬರೆದ ಅದರ ನಿರೂಪಣೆಯ ಮೇಲಿರುವ ತಾರೀಕು 1996ರ ಏಪ್ರಿಲ್ 29. ಅದೇ ಕಾಲಕ್ಕೆ ಅಪಾಚೆ ಎಂಬ ವೆಬ್ ಸರ್ವರಿನ ಹೊಟ್ಟೆಯೊಳಗೇ ಪರ್ಲ್ ಅನ್ನು ಕೂರಿಸುವ ಮಾಡ್‌ಪರ್ಲ್ ಕೂಡ ಬಂತು. ಎರಡರ ಗುರಿಯೂ ಸ್ಕ್ರಿಪ್ಟನ್ನು ಬದುಕಿಸಿಡುವುದೇ. ಫಾಸ್ಟ್‌ಸಿಜಿಐ ದಾರಿ ನನಗೆ ಹೆಚ್ಚು ಇಷ್ಟ, ಏಕೆಂದರೆ ಅದು ಸರ್ವರನ್ನೂ ಸ್ಕ್ರಿಪ್ಟನ್ನೂ ಬೇರೆ ಬೇರೆ ಪ್ರೊಸೆಸ್‌ಗಳಲ್ಲಿ ಇಡುತ್ತದೆ. ಬೇರೆ ಬಳಕೆದಾರನ ಹೆಸರಿನಲ್ಲಿ, ಬೇಕಾದರೆ ಬೇರೆ ಯಂತ್ರದಲ್ಲೇ ಸ್ಕ್ರಿಪ್ಟನ್ನು ನಡೆಸಬಹುದು; ಸರ್ವರನ್ನು ಮುಟ್ಟದೆಯೇ ಅದನ್ನು ಪರೀಕ್ಷಿಸಲೂಬಹುದು.

ಇದರ ಒಳಗಿನ ಕೆಲಸ ಹೀಗೆ. ಸ್ಕ್ರಿಪ್ಟ್ ಹುಟ್ಟುವಾಗ ಅದರ ಸೊನ್ನೆಯ ಸಂಖ್ಯೆಯ ಫೈಲ್ ಡಿಸ್ಕ್ರಿಪ್ಟರ್, ಅಂದರೆ ಸಾಮಾನ್ಯವಾಗಿ ಇನ್‌ಪುಟ್ ಬರುವ ಜಾಗ, ಸಂಪರ್ಕಗಳಿಗೆ ಕಾದಿರುವ ಸಾಕೆಟ್ (ಪ್ರೊಸೆಸ್‌ಗಳು ಮಾತನಾಡಿಕೊಳ್ಳುವ ತುದಿ) ಆಗಿರುತ್ತದೆ. ಸ್ಕ್ರಿಪ್ಟ್ ಒಂದು ಲೂಪಿನಲ್ಲಿ ಸಂಪರ್ಕವನ್ನು ಸ್ವೀಕರಿಸುತ್ತದೆ, ಕೆಲಸ ಮಾಡುತ್ತದೆ, ಮತ್ತೆ ಲೂಪಿನ ತಲೆಗೆ ಬರುತ್ತದೆ. ಸರ್ವರ್ ಮತ್ತು ಸ್ಕ್ರಿಪ್ಟ್ ಮಾತನಾಡಿಕೊಳ್ಳುವುದು ರೆಕಾರ್ಡುಗಳ ಮೂಲಕ. ಪ್ರತಿ ರೆಕಾರ್ಡಿಗೆ 8 ಬೈಟಿನ ತಲೆಭಾಗ. ಅದರಲ್ಲಿ ಆವೃತ್ತಿ, ರೆಕಾರ್ಡಿನ ಬಗೆ, ಕೋರಿಕೆಯ ಸಂಖ್ಯೆ, ಒಳಗಿನ ವಸ್ತುವಿನ ಉದ್ದ ಇರುತ್ತವೆ. ಒಂದು ರೆಕಾರ್ಡಿನಲ್ಲಿ ಹೆಚ್ಚೆಂದರೆ 65,535 ಬೈಟು. ಒಂದೇ ಸಂಪರ್ಕದಲ್ಲಿ ಹಲವು ಕೋರಿಕೆಗಳನ್ನು ಹೆಣೆದು ಕಳಿಸಲು ನಿರೂಪಣೆಯಲ್ಲಿ ಅವಕಾಶವಿದೆ, ಆದರೆ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಹಾಗೆ ಮಾಡುವುದಿಲ್ಲ. ಒಂದು ಹೊತ್ತಿಗೆ ಒಂದೇ ಕೋರಿಕೆ.

ಇಲ್ಲೊಂದು ಸ್ವಾರಸ್ಯವಿದೆ. ಸ್ಕ್ರಿಪ್ಟಿನ ಲೈಬ್ರರಿ ಮೊದಲು ತನ್ನ ಸೊನ್ನೆಯ ಡಿಸ್ಕ್ರಿಪ್ಟರನ್ನು ಪರೀಕ್ಷಿಸಿ ನೋಡುತ್ತದೆ. ಅದು ಕಾದಿರುವ ಸಾಕೆಟ್ ಆಗಿದ್ದರೆ ಫಾಸ್ಟ್‌ಸಿಜಿಐ. ಇಲ್ಲದಿದ್ದರೆ ಹಳೆಯ ಸಿಜಿಐ ಎಂದು ತಿಳಿದು ಲೂಪನ್ನು ಒಂದೇ ಸಲ ಸುತ್ತಿ ಮುಗಿಸುತ್ತದೆ. ಆದ್ದರಿಂದ ಅದೇ ಸ್ಕ್ರಿಪ್ಟನ್ನು ಟರ್ಮಿನಲ್‌ನಿಂದ ನೇರವಾಗಿ ಓಡಿಸಿ ನೋಡಬಹುದು. ಬಹಳ ಅನುಕೂಲವಾದ ಏರ್ಪಾಡು. ಆದರೆ ಇದೇ ಅನುಕೂಲ ನಮ್ಮನ್ನು ದಾರಿ ತಪ್ಪಿಸುತ್ತದೆ: ಹೀಗೆ ಓಡಿಸಿದಾಗ ಪರೀಕ್ಷೆಯಾಗುವುದು ಮೊದಲ ಕೋರಿಕೆ ಮಾತ್ರ.

ಹಾಗಾದರೆ ಎರಡನೆಯದರಲ್ಲಿ ಏನಾಗುತ್ತದೆ? ಹೋಟೆಲಿನಲ್ಲಿ ಒಬ್ಬರು ತಿಂದು ಎದ್ದ ಮೇಜನ್ನು ಒರೆಸದೆ ಇನ್ನೊಬ್ಬರನ್ನು ಕೂರಿಸಿದರೆ ಏನಾಗುವುದೋ ಅದೇ ಆಗುತ್ತದೆ. ಪರ್ಲ್‌ನಲ್ಲಿ ಲೂಪಿನ ಒಳಗೆ ಬಳಕೆದಾರನ ಹೆಸರಿಗೆ ಒಂದು ಸ್ಥಳೀಯ ವೇರಿಯಬಲ್ ಇಟ್ಟು, ಅದೇ ಲೂಪಿನೊಳಗೆ ಹೆಸರುಳ್ಳ ಸಬ್‌ರೂಟೀನ್ ಬರೆದು, ಅದರಿಂದ ಆ ವೇರಿಯಬಲನ್ನು ಓದಿದಿರಿ ಎಂದುಕೊಳ್ಳಿ. ಆ ಸಬ್‌ರೂಟೀನ್ ಹಿಡಿದುಕೊಳ್ಳುವುದು ಮೊದಲ ಸುತ್ತಿನ ವೇರಿಯಬಲನ್ನು. ಮೊದಲ ಬಳಕೆದಾರನಿಗೆ ಎಲ್ಲವೂ ಸರಿ. ಎರಡನೆಯವನಿಂದ ಹಿಡಿದು ಆ ಪ್ರೊಸೆಸ್ ಸಾಯುವವರೆಗೆ ಎಲ್ಲರಿಗೂ ಮೊದಲನೆಯವನ ಹೆಸರೇ ಕಾಣುತ್ತದೆ. ಪೈಥಾನ್‌ನಲ್ಲಿ ಫಂಕ್ಷನ್ನಿನ ಆರ್ಗ್ಯುಮೆಂಟಿಗೆ ಖಾಲಿ ಪಟ್ಟಿಯನ್ನು ಡೀಫಾಲ್ಟ್ ಆಗಿ ಕೊಟ್ಟರೂ ಹೀಗೆಯೇ. ಆ ಪಟ್ಟಿ ಒಮ್ಮೆ ಮಾತ್ರ ಹುಟ್ಟುತ್ತದೆ; ಪ್ರತಿ ಕೋರಿಕೆ ಅದಕ್ಕೆ ತನ್ನ ಪಾಲು ಸೇರಿಸುತ್ತ ಹೋಗುತ್ತದೆ.

ವೇರಿಯಬಲ್‌ಗಳು ಕಣ್ಣಿಗೆ ಬೀಳುತ್ತವೆ, ಹುಡುಕಿದರೆ ಸಿಗುತ್ತವೆ. ಕಣ್ಣಿಗೆ ಬೀಳದವು ಹೆಚ್ಚು ಕಾಡುತ್ತವೆ. ಸ್ಕ್ರಿಪ್ಟ್ ಬದಲಿಸಿದ ಡೈರೆಕ್ಟರಿ, ಬದಲಿಸಿದ ಕಾಲವಲಯ, ಫೈಲುಗಳ ಅನುಮತಿಯ ಮಾಸ್ಕ್, ಇವೆಲ್ಲ ಪ್ರೊಸೆಸ್ಸಿಗೆ ಅಂಟಿಕೊಂಡು ಉಳಿಯುತ್ತವೆ. ಅರ್ಧಕ್ಕೆ ನಿಂತ ಡೇಟಾಬೇಸ್ ವಹಿವಾಟು, ಅಂದರೆ ಒಟ್ಟಾಗಿ ಉಳಿಯಬೇಕಾದ ಇಲ್ಲವೇ ಒಟ್ಟಾಗಿ ರದ್ದಾಗಬೇಕಾದ ಬದಲಾವಣೆಗಳ ಗುಂಪು, ಇನ್ನೂ ಅಪಾಯಕಾರಿ. ಒಂದು ಕೋರಿಕೆ ವಹಿವಾಟನ್ನು ತೆರೆದು, ನಡುವೆ ದೋಷ ಬಂದು, ಹಿಂತೆಗೆಯದೆ ಹೊರಬಂತು. ಸಿಜಿಐನಲ್ಲಾಗಿದ್ದರೆ ಸಂಪರ್ಕವೇ ಮುರಿದು ಡೇಟಾಬೇಸ್ ತಾನಾಗಿ ಹಿಂತೆಗೆಯುತ್ತಿತ್ತು. ಇಲ್ಲಿ ಸಂಪರ್ಕ ಬದುಕಿದೆ. ಮುಂದಿನ ಕೋರಿಕೆ ಅದೇ ಸಂಪರ್ಕದಲ್ಲಿ ತನ್ನ ಕೆಲಸ ಮಾಡಿ ಕಮಿಟ್ ಮಾಡಿದಾಗ, ಯಾರದೋ ಅರೆಬರೆ ಕೆಲಸವೂ ಅದರ ಜೊತೆಗೆ ಶಾಶ್ವತವಾಗುತ್ತದೆ. ಲಾಗಿನಲ್ಲಿ ಎರಡನೆಯ ಕೋರಿಕೆ ನಿರ್ದೋಷಿಯಾಗಿ ಕಾಣುತ್ತದೆ.

ಇದು ಪುಸ್ತಕದ ಭಯವಲ್ಲ. 2023ರ ಮಾರ್ಚ್ 20ರಂದು ಚಾಟ್‌ಜಿಪಿಟಿಯ ಕೆಲವು ಬಳಕೆದಾರರಿಗೆ ಬೇರೆಯವರ ಸಂಭಾಷಣೆಗಳ ಶೀರ್ಷಿಕೆಗಳು ಕಾಣಿಸಿಕೊಂಡವು. ಓಪನ್‌ಎಐ ಆಮೇಲೆ ಕೊಟ್ಟ ವಿವರಣೆಯನ್ನು ನಮ್ಮ ಕೆಲಸದಲ್ಲಿರುವ ಪ್ರತಿಯೊಬ್ಬರೂ ಓದಬೇಕು. ರೆಡಿಸ್ ಎಂಬ ಡೇಟಾಬೇಸಿನ ಜೊತೆ ಮಾತನಾಡುವ ಪೈಥಾನ್ ಲೈಬ್ರರಿಯಲ್ಲಿ ಸಂಪರ್ಕಗಳು ಬದುಕಿದ್ದು ಮತ್ತೆ ಮತ್ತೆ ಬಳಕೆಯಾಗುತ್ತಿದ್ದವು. ಪ್ರಶ್ನೆಯನ್ನು ಕಳಿಸಿದ ಮೇಲೆ, ಉತ್ತರವನ್ನು ಎತ್ತಿಕೊಳ್ಳುವ ಮೊದಲು ಕೋರಿಕೆ ರದ್ದಾದರೆ, ಆ ಉತ್ತರ ಸಂಪರ್ಕದಲ್ಲೇ ಉಳಿದುಬಿಡುತ್ತಿತ್ತು. ಅದೇ ಸಂಪರ್ಕವನ್ನು ಮುಂದೆ ಹಿಡಿದವನಿಗೆ ಆ ಹಳೆಯ ಉತ್ತರ ಸಿಗುತ್ತಿತ್ತು. ಅದೇ ದಿನದ ಒಂಬತ್ತು ಗಂಟೆಗಳ ಅವಧಿಯಲ್ಲಿ ಸಕ್ರಿಯರಾಗಿದ್ದ ಹಣ ತೆತ್ತ ಚಂದಾದಾರರಲ್ಲಿ ಶೇ. 1.2ರಷ್ಟು ಜನರ ಪಾವತಿ ಸಂಬಂಧಿ ಮಾಹಿತಿಯೂ ಹೊರಗೆ ಕಂಡಿರಬಹುದು ಎಂದು ಕಂಪನಿ ಹೇಳಿತು. ಮೂಲ ದೋಷ ಇಷ್ಟೇ: ಒಂದು ಕೋರಿಕೆ ಬಿಟ್ಟುಹೋದದ್ದು ಇನ್ನೊಂದರ ಕೈಗೆ ಸಿಕ್ಕಿತು. ಕೋರಿಕೆಯನ್ನು ಒಂದೊಂದಾಗಿ ಕಳಿಸಿ, ಪ್ರತಿಯೊಂದನ್ನೂ ಪೂರ್ತಿ ಮುಗಿಯಲು ಬಿಡುವ ಪರೀಕ್ಷೆಗೆ ಇದು ಎಂದಿಗೂ ಸಿಗುವುದಿಲ್ಲ. ನಡುವೆ ಕೈಬಿಡುವ ಬಳಕೆದಾರನನ್ನು ಪರೀಕ್ಷೆಯಲ್ಲಿ ನಟಿಸಬೇಕು.

ಪಿಎಚ್‌ಪಿ ಭಾಷೆಯಲ್ಲಿ ಬರೆಯುವವರು ಇಲ್ಲಿ ಸ್ವಲ್ಪ ನಿರಾಳವಾಗಿರಬಹುದು. ಪಿಎಚ್‌ಪಿ-ಎಫ್‌ಪಿಎಂ ಕೂಡ ಫಾಸ್ಟ್‌ಸಿಜಿಐ ಆಡಳಿತಗಾರನೇ. ಆಂಡ್ರೇ ನಿಗ್ಮಾಟುಲಿನ್ ಬರೆದ ಪ್ಯಾಚ್ ಆಗಿ ಹುಟ್ಟಿ 2010ರಲ್ಲಿ 5.3.3 ಆವೃತ್ತಿಯೊಂದಿಗೆ ಪಿಎಚ್‌ಪಿಯ ಭಾಗವಾಯಿತು. ಅದರ ಪ್ರೊಸೆಸ್‌ಗಳು ಬದುಕಿರುತ್ತವೆ, ಕಂಪೈಲ್ ಆದ ಕೋಡ್ ಉಳಿಯುತ್ತದೆ, ಆದರೆ ಸ್ಕ್ರಿಪ್ಟಿನ ವೇರಿಯಬಲ್‌ಗಳನ್ನೆಲ್ಲ ಪಿಎಚ್‌ಪಿ ಪ್ರತಿ ಕೋರಿಕೆಯ ಕೊನೆಗೆ ಅಳಿಸಿಹಾಕುತ್ತದೆ. ವೇಗವನ್ನೂ ಪಡೆದು ಶುಚಿತ್ವವನ್ನೂ ಉಳಿಸಿಕೊಂಡ ಈ ಏರ್ಪಾಡನ್ನು ನಾನು ಬಹಳ ಮೆಚ್ಚುತ್ತೇನೆ. ನಾವು ಓದುವ ಕನ್ನಡ ವಿಕಿಪೀಡಿಯದ ಹಿಂದಿರುವುದೂ ಇದೇ. ವಿಕಿಮೀಡಿಯ ಸಂಸ್ಥೆ 2019ರಲ್ಲಿ ಪಿಎಚ್‌ಪಿ ಕೋಡನ್ನು ಓಡಿಸುವ ಎಚ್‌ಎಚ್‌ವಿಎಂ ಎಂಬ ಬೇರೆ ತಂತ್ರಾಂಶವನ್ನು ಬಿಟ್ಟು ಪಿಎಚ್‌ಪಿ 7ಕ್ಕೆ ಬಂದಾಗ ಎಫ್‌ಪಿಎಂ ಅನ್ನು ಆಯ್ದುಕೊಂಡಿತು. ಆದರೆ ಡೇಟಾಬೇಸಿಗೆ ಶಾಶ್ವತ ಸಂಪರ್ಕದ ಸೌಲಭ್ಯವನ್ನು ನೀವು ಚಾಲೂ ಮಾಡಿದ ಕ್ಷಣ ಹಳೆಯ ಅಪಾಯಗಳಲ್ಲಿ ಹಲವು ಮರಳಿ ಬರುತ್ತವೆ. ಪರ್ಲ್, ಪೈಥಾನ್, ರೂಬಿಗಳಲ್ಲಿ ಅಳಿಸುವ ಕೆಲಸ ಪೂರ್ತಿಯಾಗಿ ನಿಮ್ಮದೇ.

ಈಗ ಪರೀಕ್ಷೆಗೆ ಬರೋಣ. ವೆಬ್ ಸರ್ವರನ್ನು ಮೊದಲು ಪಕ್ಕಕ್ಕಿಡಿ. ಫಾಸ್ಟ್‌ಸಿಜಿಐ ಕಿಟ್‌ನೊಂದಿಗೆ ಬರುವ ಸಿಜಿಐ-ಎಫ್‌ಸಿಜಿಐ ಎಂಬ ಚಿಕ್ಕ ಉಪಕರಣವಿದೆ; ಟರ್ಮಿನಲ್‌ನಲ್ಲಿ ಕೋರಿಕೆಯ ವಿಧಾನ, ಸ್ಕ್ರಿಪ್ಟಿನ ದಾರಿ ಇವನ್ನು ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳಾಗಿ ಕೊಟ್ಟು, ಸಾಕೆಟ್ಟಿನ ವಿಳಾಸ ತೋರಿಸಿದರೆ ಅದು ನೇರವಾಗಿ ಸ್ಕ್ರಿಪ್ಟಿನ ಜೊತೆ ಮಾತನಾಡುತ್ತದೆ. ತೊಂದರೆ ಸರ್ವರಿನ ಸಂರಚನೆಯಲ್ಲಿದೆಯೋ ಸ್ಕ್ರಿಪ್ಟಿನಲ್ಲಿದೆಯೋ ಎಂಬ ಜಗಳ ಅಲ್ಲಿಗೆ ಬಗೆಹರಿಯುತ್ತದೆ. ಆಮೇಲೆ ಪ್ರೊಸೆಸ್‌ಗಳ ಸಂಖ್ಯೆಯನ್ನು ಒಂದಕ್ಕೆ ಇಳಿಸಿ. ಇದು ಮುಖ್ಯ. ಐದು ಪ್ರೊಸೆಸ್ ಇದ್ದರೆ ನಿಮ್ಮ ಎರಡನೆಯ ಕೋರಿಕೆ ಬೇರೆ ಪ್ರೊಸೆಸ್ಸಿಗೆ ಹೋಗಿ, ಅದಕ್ಕೆ ಅದು ಮೊದಲನೆಯದೇ ಆಗಿಬಿಡಬಹುದು. ಒಂದೇ ಪ್ರೊಸೆಸ್ಸಿಗೆ ಮೊದಲು ಲಾಗಿನ್ ಆದ ಬಳಕೆದಾರನಾಗಿ, ಆಮೇಲೆ ಯಾರೂ ಅಲ್ಲದವನಾಗಿ ಕೋರಿಕೆ ಕಳಿಸಿ. ಎರಡನೆಯ ಉತ್ತರದಲ್ಲಿ ಮೊದಲನೆಯವನ ಗುರುತು ಎಲ್ಲಿಯಾದರೂ ಉಳಿದಿದೆಯೇ ನೋಡಿ. ನಂತರ ಬೇಕೆಂದೇ ದೋಷ ಹುಟ್ಟಿಸುವ ಕೋರಿಕೆಯೊಂದನ್ನು ಕಳಿಸಿ, ಅದರ ಬೆನ್ನಿಗೇ ಒಳ್ಳೆಯದೊಂದನ್ನು ಕಳಿಸಿ. ಒಳ್ಳೆಯದಕ್ಕೆ ಬಂದ ಉತ್ತರ, ಹೊಸ ಪ್ರೊಸೆಸ್ ಅದೇ ಕೋರಿಕೆಗೆ ಕೊಡುವ ಉತ್ತರಕ್ಕೆ ಅಕ್ಷರಶಃ ಸರಿಹೊಂದಬೇಕು.

ಬಿಡುವಿನ ಪರೀಕ್ಷೆಯನ್ನು ಬಹಳ ಜನ ಮರೆಯುತ್ತಾರೆ. ಮೈಎಸ್‌ಕ್ಯುಎಲ್ ಡೇಟಾಬೇಸ್ ಸುಮ್ಮನಿರುವ ಸಂಪರ್ಕವನ್ನು ಡೀಫಾಲ್ಟ್ ಆಗಿ 28,800 ಸೆಕೆಂಡುಗಳ ನಂತರ ಮುಚ್ಚುತ್ತದೆ. ಅಂದರೆ ಎಂಟು ಗಂಟೆ. ಹಗಲೆಲ್ಲ ಜನ ಬಳಸುವ ಕಚೇರಿಯ ತಂತ್ರಾಂಶ ರಾತ್ರಿ ಖಾಲಿ ಬಿದ್ದಿರುತ್ತದೆ. ಬೆಳಿಗ್ಗೆ ಮೊದಲು ಬಂದ ಗುಮಾಸ್ತರಿಗೆ ದೋಷದ ಪುಟ ಕಾಣುತ್ತದೆ, ಪುಟವನ್ನು ಮತ್ತೆ ತೆರೆದಾಗ ಸರಿಹೋಗುತ್ತದೆ, ಯಾರೂ ದೂರು ಕೊಡುವುದಿಲ್ಲ. ಪರೀಕ್ಷೆಗಾಗಿ ಎಂಟು ಗಂಟೆ ಕಾಯಬೇಕಾಗಿಲ್ಲ. ಪರೀಕ್ಷೆಯ ಡೇಟಾಬೇಸಿನಲ್ಲಿ ಆ ಮಿತಿಯನ್ನು 5 ಸೆಕೆಂಡಿಗೆ ಇಳಿಸಿ. ಒಂದು ಕೋರಿಕೆ ಕಳಿಸಿ. ಹತ್ತು ಸೆಕೆಂಡು ಬಿಟ್ಟು ಇನ್ನೊಂದು ಕಳಿಸಿ. ಸ್ಕ್ರಿಪ್ಟ್ ಸತ್ತ ಸಂಪರ್ಕವನ್ನು ಗುರುತಿಸಿ ಹೊಸದನ್ನು ತೆರೆಯುತ್ತದೆಯೇ ಇಲ್ಲವೇ ಎಂಬುದು ಅಷ್ಟರಲ್ಲಿ ಗೊತ್ತಾಗುತ್ತದೆ.

ಪ್ರೊಸೆಸ್ ಕವಲೊಡೆಯುವ ಹೊತ್ತು ಇನ್ನೊಂದು ಗಂಡಾಂತರದ ಜಾಗ. ಆಡಳಿತಗಾರ ಪ್ರೊಸೆಸ್ ಮೊದಲು ಎಲ್ಲವನ್ನೂ ಸಿದ್ಧಮಾಡಿಕೊಂಡು ಆಮೇಲೆ ಮಕ್ಕಳನ್ನು ಹುಟ್ಟಿಸಿದರೆ ಮೆಮೊರಿ ಉಳಿಯುತ್ತದೆ, ಒಳ್ಳೆಯದೇ. ಆದರೆ ಆ ಸಿದ್ಧತೆಯಲ್ಲಿ ಡೇಟಾಬೇಸ್ ಸಂಪರ್ಕವೂ ತೆರೆದಿದ್ದರೆ ಎಲ್ಲ ಮಕ್ಕಳೂ ಒಂದೇ ಸಾಕೆಟ್ಟಿಗೆ ಬರೆಯುತ್ತ, ಒಬ್ಬರ ಉತ್ತರವನ್ನು ಇನ್ನೊಬ್ಬರು ಓದುತ್ತ ಕೂರುತ್ತಾರೆ. ಇದನ್ನು ಕಂಡುಹಿಡಿಯಲು ಸುಲಭದ ದಾರಿಯಿದೆ: ಪ್ರತಿ ಪ್ರೊಸೆಸ್ಸಿನಿಂದಲೂ ಡೇಟಾಬೇಸಿಗೆ ಅದರ ಸಂಪರ್ಕದ ಸಂಖ್ಯೆಯನ್ನು ಕೇಳಿ ಲಾಗಿನಲ್ಲಿ ಬರೆಯಿಸಿ. ಎರಡು ಪ್ರೊಸೆಸ್‌ಗಳಿಗೆ ಒಂದೇ ಸಂಖ್ಯೆ ಬಂದರೆ ಅಲ್ಲೇ ನಿಲ್ಲಿಸಿ. ಯಾದೃಚ್ಛಿಕ ಸಂಖ್ಯೆಗಳ ಬೀಜವೂ ಹೀಗೆಯೇ ನಕಲಾಗುತ್ತದೆ. ಪೈಥಾನ್ 3.7ರಿಂದ ಈಚೆಗೆ ಮಗು ಪ್ರೊಸೆಸ್ಸಿನಲ್ಲಿ ಬೀಜ ತಾನಾಗಿ ಬದಲಾಗುತ್ತದೆ. ಎಲ್ಲ ಭಾಷೆಗಳೂ ಹಾಗೆ ಕಾಪಾಡುವುದಿಲ್ಲ, ಆದ್ದರಿಂದ ಎರಡು ಮಕ್ಕಳು ಒಂದೇ ಟೋಕನ್ ಕೊಡುತ್ತಿಲ್ಲವೆಂದು ಪರೀಕ್ಷೆಯಿಂದಲೇ ಖಚಿತಪಡಿಸಿಕೊಳ್ಳಿ.

ಕನ್ನಡದಲ್ಲಿ ಕೆಲಸ ಮಾಡುವ ನಮಗೆ ವಿಶೇಷವಾಗಿ ಹೇಳಬೇಕಾದ ಒಂದು ಮಾತಿದೆ. ಇಂಗ್ಲಿಷ್ ಮಾಹಿತಿಯಿಂದ ಮಾಡಿದ ಪರೀಕ್ಷೆ ನಮಗೆ ಸಾಲದು. ‘ಕನ್ನಡ’ ಎಂಬ ಪದದಲ್ಲಿ ಯುನಿಕೋಡ್ ಲೆಕ್ಕಕ್ಕೆ ಐದು ಸಂಕೇತಗಳು. ಅವನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ ತಲಾ ಮೂರು ಬೈಟಿನಂತೆ ಹದಿನೈದು ಬೈಟು. ವಿಳಾಸದಲ್ಲಿ ಶೇಕಡಾ ಚಿಹ್ನೆಗಳೊಂದಿಗೆ ಬರೆದಾಗ ನಲವತ್ತೈದು ಬೈಟು. ಇದರಿಂದ ಮೂರು ಕಡೆ ಪೆಟ್ಟು ಬೀಳಬಹುದು. ಸರ್ವರ್ ಸ್ಕ್ರಿಪ್ಟಿಗೆ ಕೊಡುವ ಉದ್ದ ಬೈಟುಗಳ ಲೆಕ್ಕದ್ದು. ಅದನ್ನು ಅಕ್ಷರಗಳ ಲೆಕ್ಕವೆಂದು ತಿಳಿದ ಸ್ಕ್ರಿಪ್ಟ್ ಎಂದೂ ಬರದ ಬೈಟುಗಳಿಗಾಗಿ ಕಾಯುತ್ತ ಕೂರುತ್ತದೆ. ಎರಡನೆಯದಾಗಿ, 8,192 ಬೈಟಿನ ತುಂಡುಗಳಲ್ಲಿ ಓದುವ ಕೋಡ್ ಬಹಳ ಕಡೆ ಇದೆ. ಅದನ್ನು ಮೂರರಿಂದ ಭಾಗಿಸಿದರೆ ಎರಡು ಉಳಿಯುತ್ತದೆ. ಬರಿಯ ಕನ್ನಡ ಅಕ್ಷರಗಳಿಂದ ತುಂಬಿದ ಪಠ್ಯದಲ್ಲಿ ಮೊದಲ ತುಂಡಿನ ಕೊನೆಯ ಸಂಕೇತ ನಡುವೆಯೇ ಕತ್ತರಿಸಿಹೋಗುತ್ತದೆ. ತುಂಡು ತುಂಡಾಗಿ ಡಿಕೋಡ್ ಮಾಡುವ ಸ್ಕ್ರಿಪ್ಟ್ ಅಲ್ಲಿ ಎಡವುತ್ತದೆ. ಮೂರನೆಯದು ಫಾಸ್ಟ್‌ಸಿಜಿಐನದೇ ವಿಶೇಷ. ಸರ್ವರ್ ಕಳಿಸುವ ವೇರಿಯಬಲ್‌ಗಳ ಹೆಸರು ಮತ್ತು ಮೌಲ್ಯಗಳ ಉದ್ದ 127 ಬೈಟಿನವರೆಗೆ ಒಂದೇ ಬೈಟಿನಲ್ಲಿ ಬರುತ್ತದೆ, ಅದನ್ನು ದಾಟಿದರೆ ನಾಲ್ಕು ಬೈಟಿನಲ್ಲಿ. ಇಂಗ್ಲಿಷ್ ಹುಡುಕಾಟದ ಪದಗಳು ಈ ಗೆರೆಯನ್ನು ದಾಟುವುದು ಅಪರೂಪ. ಶೇಕಡಾ ಚಿಹ್ನೆಗಳೊಂದಿಗೆ ಬರೆದ ಕನ್ನಡದ್ದು ಹದಿನೈದು ಸಂಕೇತಗಳಲ್ಲೇ ದಾಟುತ್ತದೆ. ಪರೀಕ್ಷೆಗೆಂದು ತಾವೇ ಬರೆದುಕೊಂಡ ಕ್ಲೈಂಟುಗಳಲ್ಲಿ ಈ ಎರಡನೆಯ ದಾರಿಯನ್ನು ಓಡಿಸದೆ ಬಿಟ್ಟರೆ ಕನ್ನಡದ ಬಳಕೆದಾರರೇ ಅದನ್ನು ಮೊದಲು ಓಡಿಸುತ್ತಾರೆ. ಪರೀಕ್ಷೆಯ ಮಾಹಿತಿಯನ್ನು ಕನ್ನಡದಲ್ಲಿ ಇಡುವುದು ಅಭಿಮಾನಕ್ಕಾಗಿ ಅಷ್ಟೇ ಅಲ್ಲ, ಅದರಿಂದ ತಂತ್ರಾಂಶವೇ ಗಟ್ಟಿಯಾಗುತ್ತದೆ.

ಇನ್ನು ನಡೆಸುವ ವಿಷಯ. ಎಂಜಿನ್‌ಎಕ್ಸ್ ಸ್ಕ್ರಿಪ್ಟುಗಳನ್ನು ಹುಟ್ಟಿಸುವುದಿಲ್ಲ, ಸತ್ತರೆ ಎಬ್ಬಿಸುವುದೂ ಇಲ್ಲ. ಆ ಕೆಲಸಕ್ಕೆ ಬೇರೆಯವರು ಬೇಕು. ಲೈಟ್‌ಟಿಪಿಡಿ ಎಂಬ ವೆಬ್ ಸರ್ವರಿನ ಬಳಗದ ಸ್ಪಾನ್-ಎಫ್‌ಸಿಜಿಐ ಹುಟ್ಟಿಸಿಕೊಡುತ್ತದೆ, ಆದರೆ ಆಮೇಲೆ ನೋಡಿಕೊಳ್ಳುವುದಿಲ್ಲ. ಇವತ್ತು ಲಿನಕ್ಸ್‌ನಲ್ಲಿ ಸೇವೆಗಳನ್ನು ಚಾಲೂ ಮಾಡಿ ನೋಡಿಕೊಳ್ಳುವ ಸಿಸ್ಟಮ್‌ಡಿಗೆ ಒಪ್ಪಿಸುವುದೇ ಸರಿ ಎಂದು ನನ್ನ ಅಭಿಪ್ರಾಯ. ಅಲ್ಲೂ ಒಂದು ಎಚ್ಚರಿಕೆ ಬೇಕು. ಸತ್ತರೆ ಮತ್ತೆ ಎಬ್ಬಿಸು ಎಂದು ಹೇಳಿದರೂ, ಡೀಫಾಲ್ಟ್ ಆಗಿ ಹತ್ತು ಸೆಕೆಂಡಿನಲ್ಲಿ ಐದು ಸಲ ಎಬ್ಬಿಸಿ ಆಮೇಲೆ ಸಿಸ್ಟಮ್‌ಡಿ ಕೈಬಿಡುತ್ತದೆ. ಎರಡು ಯತ್ನಗಳ ನಡುವಿನ ಬಿಡುವು ಸೆಕೆಂಡಿನ ಹತ್ತನೆಯ ಒಂದು ಭಾಗ ಮಾತ್ರ. ವಿದ್ಯುತ್ ಹೋಗಿ ಬಂದು ಯಂತ್ರಗಳೆಲ್ಲ ಒಟ್ಟಿಗೆ ಏಳುವಾಗ ಡೇಟಾಬೇಸ್ ಒಂದು ನಿಮಿಷ ತಡವಾದರೆ, ಹುಟ್ಟುವಾಗಲೇ ಸಂಪರ್ಕ ಬೇಕೆನ್ನುವ ಸ್ಕ್ರಿಪ್ಟ್ ಐದು ಸಲ ಬಿದ್ದು ಕಾಯಂ ಮಲಗಿರುತ್ತದೆ. ಡೇಟಾಬೇಸನ್ನು ನಿಲ್ಲಿಸಿ, ಸ್ಕ್ರಿಪ್ಟನ್ನು ಚಾಲೂ ಮಾಡಿ, ಒಂದು ನಿಮಿಷ ಬಿಟ್ಟು ಡೇಟಾಬೇಸನ್ನು ಎಬ್ಬಿಸಿ ನೋಡುವುದು ಹೊಸ ಯಂತ್ರದಲ್ಲಿ ನಾನು ಮೊದಲು ಮಾಡಿಸುವ ಪರೀಕ್ಷೆ.

ಎಷ್ಟು ಪ್ರೊಸೆಸ್ ಇಡಬೇಕು ಎಂಬ ಪ್ರಶ್ನೆಗೆ ಲೆಕ್ಕದಿಂದ ಉತ್ತರ ಹುಡುಕೋಣ. ಇಪ್ಪತ್ತು ಪ್ರೊಸೆಸ್‌ಗಳಿವೆ, ಒಂದು ಕೋರಿಕೆಗೆ ಕಾಲು ಸೆಕೆಂಡು ಬೇಕು ಎಂದರೆ ಸೆಕೆಂಡಿಗೆ ಎಂಬತ್ತು ಕೋರಿಕೆಗಳನ್ನು ನಿಭಾಯಿಸಬಹುದು. ಸೆಕೆಂಡಿಗೆ ಅರವತ್ತು ಬರುತ್ತಿವೆ, ನೆಮ್ಮದಿ. ಡೇಟಾಬೇಸ್ ನಿಧಾನವಾಗಿ ಕೋರಿಕೆಗೆ ಎರಡು ಸೆಕೆಂಡು ಹಿಡಿಯತೊಡಗಿದರೆ ಸಾಮರ್ಥ್ಯ ಹತ್ತಕ್ಕೆ ಇಳಿಯುತ್ತದೆ. ಸೆಕೆಂಡಿಗೆ ಐವತ್ತು ಕೋರಿಕೆಗಳು ಸಾಲಿನಲ್ಲಿ ಉಳಿಯುತ್ತವೆ. ಆ ಸಾಲು ಇರುವುದು ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್‌ನಲ್ಲಿ. ಅದರ ಗರಿಷ್ಠ ಮಿತಿ ಲಿನಕ್ಸ್ 5.4ಕ್ಕಿಂತ ಮುಂಚೆ ಡೀಫಾಲ್ಟ್ ಆಗಿ 128 ಇತ್ತು, ಈಗ 4,096. ಹಳೆಯ ಮಿತಿಯಲ್ಲಿ ಮೂರು ಸೆಕೆಂಡಿನೊಳಗೆ ಸಾಲು ತುಂಬುತ್ತದೆ. ಹೊಸದರಲ್ಲಿ ಒಂದೂವರೆ ನಿಮಿಷದೊಳಗೆ ತುಂಬುತ್ತದೆ, ಆದರೆ ಸಾಲಿನ ಕೊನೆಯಲ್ಲಿರುವವನ ಸರದಿ ಬರಲು ಆರು ನಿಮಿಷದ ಮೇಲಾಗುತ್ತದೆ. ಎಂಜಿನ್‌ಎಕ್ಸ್ ಡೀಫಾಲ್ಟ್ ಆಗಿ ಉತ್ತರಕ್ಕೆ ಕಾಯುವುದು ಅರವತ್ತು ಸೆಕೆಂಡು. ಅಷ್ಟರಲ್ಲಿ ಬಳಕೆದಾರನಿಗೆ 504 ಎಂಬ ದೋಷ ಸಂಖ್ಯೆ ಕಾಣಿಸಿ ಅವನು ಹೊರಟುಹೋಗಿರುತ್ತಾನೆ. ಸ್ಕ್ರಿಪ್ಟು ಮಾತ್ರ ಇಲ್ಲದವನಿಗಾಗಿ ಎರಡು ಸೆಕೆಂಡು ದುಡಿಯುತ್ತದೆ. ಆದ್ದರಿಂದ ಉದ್ದನೆಯ ಸಾಲನ್ನು ನಾನು ಒಪ್ಪುವುದಿಲ್ಲ. ಫಲಿತಾಂಶದ ದಿನ ಲಕ್ಷಾಂತರ ಮಕ್ಕಳು ಒಂದೇ ಗಳಿಗೆಯಲ್ಲಿ ಬರುವ ತಾಣಕ್ಕೆ, ಆಗದು ಎಂದು ತಕ್ಷಣ ಹೇಳುವ ಚಿಕ್ಕ ಸಾಲು, ಏಳು ನಿಮಿಷ ಕಾಯಿಸಿ ಕೈಬಿಡುವ ದೊಡ್ಡ ಸಾಲಿಗಿಂತ ಮಾನವೀಯ.

ಲಾಗಿನಲ್ಲಿ ಕಾಣುವ ಸಂಖ್ಯೆಗಳನ್ನು ಓದುವುದನ್ನೂ ಕಲಿಯಬೇಕು. 502 ಎಂದರೆ ಸ್ಕ್ರಿಪ್ಟ್ ಇಲ್ಲ, ಅಥವಾ ನಡುವೆ ಸತ್ತಿತು, ಅಥವಾ ಸಾಲು ತುಂಬಿದೆ. 504 ಎಂದರೆ ಇದೆ, ಆದರೆ ಹೊತ್ತಿಗೆ ಉತ್ತರಿಸಲಿಲ್ಲ. ಒಂದೇ ಯಂತ್ರದೊಳಗೆ ಬಳಸುವ ಯುನಿಕ್ಸ್ ಸಾಕೆಟ್ಟಿನ ಸಾಲು ತುಂಬಿದಾಗ ಎಂಜಿನ್‌ಎಕ್ಸ್ ಲಾಗಿನಲ್ಲಿ ದೋಷ ಸಂಖ್ಯೆ 11 ಬರುತ್ತದೆ, ಉತ್ತರ ಕೂಡಲೇ 502. ಅದೇ ನೆಟ್‌ವರ್ಕಿನ ಟಿಸಿಪಿ ಸಾಕೆಟ್ ಆಗಿದ್ದರೆ ಸಂಪರ್ಕದ ಯತ್ನ ಮೌನವಾಗಿ ಮರುಕಳಿಸುತ್ತ ಹೊತ್ತು ಕಳೆಯುತ್ತದೆ.

ಮೆಮೊರಿ ಸೋರಿಕೆಗೆ ಎಲ್ಲರೂ ಬಳಸುವ ಮದ್ದೊಂದಿದೆ: ಇಷ್ಟು ಕೋರಿಕೆಗಳಾದ ಮೇಲೆ ಪ್ರೊಸೆಸ್ ಸತ್ತು ಹೊಸದು ಹುಟ್ಟಲಿ ಎಂದು ಮಿತಿ ಹಾಕುವುದು. ನಿಜವಾದ ತಾಣದಲ್ಲಿ ನಾನೂ ಇದನ್ನು ಹಾಕಲು ಹೇಳುತ್ತೇನೆ. ಆದರೆ ಪರೀಕ್ಷೆಯಲ್ಲಿ ಅದನ್ನು ತೆಗೆದುಹಾಕಿ. ಇಲ್ಲದಿದ್ದರೆ ಸೋರಿಕೆ ಎಂದೂ ಕಾಣುವುದಿಲ್ಲ. ಒಂದೇ ಪ್ರೊಸೆಸ್ಸಿಗೆ ಸಾವಿರಾರು ಕೋರಿಕೆ ಕಳಿಸಿ, ಮೊದಲ ಕೆಲವು ನೂರನ್ನು ಲೆಕ್ಕಕ್ಕೆ ಹಿಡಿಯದೆ, ಅಲ್ಲಿಂದ ಮುಂದೆ ಅದು ಹಿಡಿದಿರುವ ಮೆಮೊರಿ ಏರುತ್ತಲೇ ಇದೆಯೇ ಎಂದು ಗ್ರಾಫ್ ಬರೆಯಿರಿ. ಸಮತಟ್ಟಾದರೆ ಸರಿ.

ಭದ್ರತೆಯ ಬಗ್ಗೆ ಎರಡು ಮಾತು. ಫಾಸ್ಟ್‌ಸಿಜಿಐ ಒಪ್ಪಂದದಲ್ಲಿ ಗುರುತು ಕೇಳುವ ಪದ್ಧತಿಯಿಲ್ಲ. ಸಾಕೆಟ್ಟನ್ನು ಮುಟ್ಟಬಲ್ಲವನು ಹೇಳಿದ್ದನ್ನೆಲ್ಲ ಸ್ಕ್ರಿಪ್ಟ್ ನಂಬುತ್ತದೆ. ಎಫ್‌ಪಿಎಂನ 9000 ಸಂಖ್ಯೆಯ ಪೋರ್ಟ್ ಹೊರಜಗತ್ತಿಗೆ ತೆರೆದಿದ್ದರೆ ನಿಮ್ಮ ಯಂತ್ರ ನಿಮ್ಮದಲ್ಲ. ಕಂಟೇನರುಗಳಲ್ಲಿ ಪೋರ್ಟುಗಳನ್ನು ಪ್ರಕಟಿಸುವಾಗ ಇದನ್ನು ನೆನಪಿಡಿ, ಹೊರಗಿನ ಯಂತ್ರದಿಂದ ತಟ್ಟಿ ನೋಡುವ ಪರೀಕ್ಷೆಯನ್ನು ಪಟ್ಟಿಯಲ್ಲಿಡಿ. ಇನ್ನೊಂದು, 2016ರ ಜುಲೈಯಲ್ಲಿ ಬಯಲಾದ ಎಚ್‌ಟಿಟಿಪಾಕ್ಸಿ ಎಂಬ ಭದ್ರತಾ ದೋಷ. ಬ್ರೌಸರ್ ಕಳಿಸಿದ ಹೆಡರುಗಳಿಗೆ ಎಚ್‌ಟಿಟಿಪಿ ಎಂಬ ಮುಂಪದ ಸೇರಿಸಿ ವೇರಿಯಬಲ್ ಮಾಡುವುದು ಸಿಜಿಐ ಕಾಲದ ರೂಢಿ. ಪ್ರಾಕ್ಸಿ ಎಂಬ ಹೆಡರ್ ಕಳಿಸಿದವನು ಈ ರೂಢಿಯಿಂದಲೇ, ಸ್ಕ್ರಿಪ್ಟ್ ಹೊರಗೆ ಮಾಡುವ ಕರೆಗಳನ್ನು ತನ್ನ ಯಂತ್ರದ ಮೂಲಕ ಹಾಯಿಸಿಕೊಳ್ಳಬಹುದಾಗಿತ್ತು. 1993ರ ರೂಢಿಯೊಂದು ಇಪ್ಪತ್ಮೂರು ವರ್ಷಗಳ ನಂತರ ಕಚ್ಚಿತು. ಆ ಹೆಡರ್ ಕಳಿಸಿ, ಅದು ಸ್ಕ್ರಿಪ್ಟನ್ನು ತಲುಪುತ್ತಿಲ್ಲವೆಂದು ನೋಡುವ ಪರೀಕ್ಷೆ ಬರೆಯಲು ಐದು ನಿಮಿಷ ಸಾಕು.

ಕೊನೆಯದಾಗಿ, ಹೊಸ ಕೋಡ್ ಹಾಕುವ ಗಳಿಗೆ. ಬದುಕಿರುವ ಸ್ಕ್ರಿಪ್ಟ್ ಹಳೆಯ ಕೋಡನ್ನೇ ಹಿಡಿದು ಕೂತಿರುತ್ತದೆ, ಆದ್ದರಿಂದ ಅದಕ್ಕೆ ಮರುಹುಟ್ಟು ಕೊಡಬೇಕು. ಆ ಹೊತ್ತಿಗೆ ನಡೆಯುತ್ತಿರುವ ಕೋರಿಕೆಗಳು ಏನಾಗುತ್ತವೆ? ಎಫ್‌ಪಿಎಂನಲ್ಲಿ ಪ್ರೊಸೆಸ್ ಕಂಟ್ರೋಲ್ ಟೈಮ್‌ಔಟ್ ಎಂಬ ಆಯ್ಕೆಯ ಡೀಫಾಲ್ಟ್ ಮೌಲ್ಯ ಸೊನ್ನೆ. ಅಂದರೆ ಮರುಹುಟ್ಟಿನ ಸಿಗ್ನಲ್ ಬಂದಾಗ ಕೈಯಲ್ಲಿರುವ ಕೆಲಸ ಮುಗಿಸಲು ಮಕ್ಕಳಿಗೆ ಸಮಯ ಸಿಗುವುದಿಲ್ಲ. ಹಣ ಪಾವತಿಯ ನಡುವೆ ಇದ್ದವನಿಗೂ 502. ಹಲವು ವರ್ಷಗಳಿಂದ ಚೆನ್ನಾಗಿ ನಡೆಯುತ್ತಿರುವ ತಾಣಗಳಲ್ಲೂ ಈ ಸೊನ್ನೆ ಹಾಗೆಯೇ ಉಳಿದಿರುವುದನ್ನು ಕಂಡಿದ್ದೇನೆ. ನಾಳೆ ಕೆಲಸಕ್ಕೆ ಹೋದಾಗ ನಿಮ್ಮ ಪರೀಕ್ಷಾ ಯಂತ್ರದಲ್ಲಿ ಐದು ಸೆಕೆಂಡು ಹಿಡಿಯುವ ಕೋರಿಕೆಯೊಂದನ್ನು ಕಳಿಸಿ, ಎರಡನೆಯ ಸೆಕೆಂಡಿನಲ್ಲಿ ಮರುಹುಟ್ಟಿನ ಸಿಗ್ನಲ್ ಕೊಡಿ. ಉತ್ತರ ಪೂರ್ತಿಯಾಗಿ ಬರದಿದ್ದರೆ ಆ ಸೊನ್ನೆಯನ್ನು ನಿಮ್ಮ ಅತಿ ದೀರ್ಘ ಕೋರಿಕೆಗಿಂತ ತುಸು ಹೆಚ್ಚಿನ ಮೌಲ್ಯಕ್ಕೆ ಬದಲಿಸಿ, ಅದೇ ಪರೀಕ್ಷೆಯನ್ನು ಇನ್ನೊಮ್ಮೆ ಓಡಿಸಿ. ನಿಮ್ಮ ಪ್ರಶ್ನೆಗಳನ್ನು ಈಗ ಕೇಳಬಹುದು.